ಅಡಿಕೆ ಬಿಲ್ಲಿಗೆ ಎಕ್ಸ್‌ಲುಕಪ್: ಲಿಬ್ರೆಆಫೀಸ್ ಕ್ಯಾಲ್ಕ್‌ನ ಲುಕಪ್ ಸೂತ್ರಗಳ ವಿಮರ್ಶೆ

ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲದ ಕಡೆಯ ಅಡಿಕೆ ಬೆಳೆಗಾರರ ಒಂದು ಸಣ್ಣ ಗುಂಪಿನ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಒಬ್ಬ ಸದಸ್ಯರ ಹೆಸರಿನಲ್ಲಿ ಒಂದು ಬಿಲ್ಲು ತಯಾರಾಗಬೇಕಾದರೆ ಮೂರು ಕೋಷ್ಟಕಗಳು ಒಂದಕ್ಕೊಂದು ಕೂಡಿಬರಬೇಕು: ಸದಸ್ಯರ ಹೆಸರು, ಮನೆ, ಬ್ಯಾಂಕ್ ಖಾತೆ ಇರುವ ಪಟ್ಟಿ, ಯಾವ ದಿನ ಯಾರು ಯಾವ ತರದ ಅಡಿಕೆಯನ್ನು ಎಷ್ಟು ಕಿಲೋ ತಂದರು ಎಂಬ ತೂಕದ ಪಟ್ಟಿ, ಹೊಸತು, ಹಳತು, ಪಟೋರ, ಉಳ್ಳಿ, ಕರಿಗೋಟು ಎಂಬ ತರಗಳಿಗೆ ಆಯಾ ದಿನ ನಿಂತ ದರದ ಪಟ್ಟಿ. ತೂಕದ ಪಟ್ಟಿಯಲ್ಲಿರುವ ಸದಸ್ಯ ಸಂಖ್ಯೆಯನ್ನು ಹಿಡಿದು ಮೊದಲ ಪಟ್ಟಿಯಿಂದ ಖಾತೆ ಸಂಖ್ಯೆಯನ್ನೂ, ದಿನಾಂಕ ಮತ್ತು ತರವನ್ನು ಹಿಡಿದು ಮೂರನೆಯ ಪಟ್ಟಿಯಿಂದ ದರವನ್ನೂ ತಂದುಕೊಡುವ ಕೆಲಸವನ್ನು ಸ್ಪ್ರೆಡ್‌ಶೀಟಿನ ಲುಕಪ್ ಸೂತ್ರಗಳು ಮಾಡುತ್ತವೆ. ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದ ಸ್ಪ್ರೆಡ್‌ಶೀಟ್ ಆದ ಕ್ಯಾಲ್ಕ್‌ನಲ್ಲಿರುವ ಅಂಥ ಸೂತ್ರಗಳನ್ನು, ಅದರಲ್ಲೂ 24.8ನೇ ಆವೃತ್ತಿಯಲ್ಲಿ ಹೊಸದಾಗಿ ಬಂದ ಎಕ್ಸ್‌ಲುಕಪ್ಪನ್ನು ಕುರಿತು ಈ ವಿಮರ್ಶೆ.

ಹುಡುಕಿದ್ದು ಸಿಕ್ಕಿದಾಗ ಎಲ್ಲ ಸೂತ್ರಗಳೂ ಒಳ್ಳೆಯವೇ. ಸಿಗದೇ ಹೋದಾಗ ಏನು ಮಾಡುತ್ತವೆ ಎಂಬುದನ್ನು ನೋಡಿಯೇ ಅವುಗಳ ಯೋಗ್ಯತೆಯನ್ನು ಅಳೆಯಬೇಕೆಂಬುದು ನನ್ನ ಅಭಿಪ್ರಾಯ. ಸಿಗಲಿಲ್ಲ ಎಂದು ಸ್ಪಷ್ಟವಾಗಿ ಹೇಳುವ ಸೂತ್ರದಿಂದ ಬಿಲ್ಲು ಅರ್ಧ ಗಂಟೆ ತಡವಾಗಬಹುದು, ಅಷ್ಟೇ. ಸಿಗದಿದ್ದರೂ ಪಕ್ಕದ ಸಾಲಿನಿಂದ ಏನನ್ನೋ ತಂದು ಇಟ್ಟುಬಿಡುವ ಸೂತ್ರದಿಂದ ಒಬ್ಬರ ಬೆಳೆಯ ಹಣ ಇನ್ನೊಬ್ಬರ ಖಾತೆಗೆ ಹೋಗುತ್ತದೆ, ಮತ್ತು ಹಾಳೆಯ ಮೇಲೆ ಅದರ ಸುಳಿವು ಎಲ್ಲಿಯೂ ಇರುವುದಿಲ್ಲ.

ಈ ಅಳತೆಯಲ್ಲಿ ಎಲ್ಲಕ್ಕಿಂತ ಹಿಂದೆ ಬೀಳುವುದು ಎಲ್ಲರಿಗೂ ಹೆಚ್ಚು ಪರಿಚಿತವಾದ ವಿಲುಕಪ್. ಇದರ ಇತಿಹಾಸ ದೊಡ್ಡದು. 1979ರ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟಿನಲ್ಲಿಯೇ ಲುಕಪ್ ಎಂಬ ಸೂತ್ರವಿತ್ತು. 1983ರಲ್ಲಿ ಬಂದ ಲೋಟಸ್ 1-2-3 ವಿಲುಕಪ್ಪನ್ನು ಜನಪ್ರಿಯಗೊಳಿಸಿತು. ಎಕ್ಸೆಲ್ ಮತ್ತು ಕ್ಯಾಲ್ಕ್ ಎರಡೂ ಅದನ್ನು ಮುಂದುವರಿಸಿದವು. ಹುಡುಕಬೇಕಾದ ಮೌಲ್ಯ, ಹುಡುಕಬೇಕಾದ ಕೋಷ್ಟಕ, ಎಷ್ಟನೆಯ ಕಾಲಂನಿಂದ ಉತ್ತರ ತರಬೇಕು ಎಂಬ ಸಂಖ್ಯೆ, ಇವು ಮೂರನ್ನು ಕೊಟ್ಟರೆ ಸೂತ್ರ ಕೆಲಸ ಆರಂಭಿಸುತ್ತದೆ. ನಾಲ್ಕನೆಯದೊಂದು ಇದೆ, ಅದನ್ನು ಬಿಟ್ಟರೂ ನಡೆಯುತ್ತದೆ. ಅಪಾಯ ಇರುವುದು ಈ ನಾಲ್ಕನೆಯದರಲ್ಲಿ. ಅದನ್ನು ಬಿಟ್ಟರೆ ಮೊದಲ ಕಾಲಂ ಏರಿಕೆಯ ಕ್ರಮದಲ್ಲಿದೆ ಎಂದು ವಿಲುಕಪ್ ಭಾವಿಸಿಕೊಂಡು, ಕೇಳಿದ್ದು ಸರಿಯಾಗಿ ಸಿಗದಿದ್ದರೆ ಅದಕ್ಕಿಂತ ಚಿಕ್ಕದಾದ, ಅದಕ್ಕೆ ಅತ್ಯಂತ ಹತ್ತಿರದ ಮೌಲ್ಯದ ಸಾಲನ್ನು ತರುತ್ತದೆ.

ಸದಸ್ಯರ ಪಟ್ಟಿಯಲ್ಲಿ 101, 103, 104 ಎಂಬ ಸಂಖ್ಯೆಗಳಿವೆ, 102ನೇ ಸದಸ್ಯರ ಸಾಲು ಇನ್ನೂ ಸೇರಿಲ್ಲ ಎಂದುಕೊಳ್ಳೋಣ. ತೂಕದ ಪಟ್ಟಿಯಲ್ಲಿ 102ರ ಹೆಸರಿಗೆ 62 ಕಿಲೋ ದಾಖಲಾಗಿದೆ. ನಾಲ್ಕನೆಯ ಅಂಶವಿಲ್ಲದ ವಿಲುಕಪ್ಪನ್ನು ಕೇಳಿದರೆ ಅದು ದೋಷವನ್ನು ತೋರಿಸದೆ, ತಡೆಯದೆ, 101ನೇ ಸದಸ್ಯರ ಖಾತೆ ಸಂಖ್ಯೆಯನ್ನು ತಂದು ಕೂರಿಸುತ್ತದೆ. ಸೂತ್ರದ ಕೊನೆಯಲ್ಲಿ ಒಂದು ಸೊನ್ನೆಯನ್ನು ಸೇರಿಸಿದ್ದರೆ ಅಲ್ಲಿ ಎನ್‌ಎ, ಅಂದರೆ ಸಿಗಲಿಲ್ಲ, ಎಂಬ ದೋಷ ಕಾಣಿಸಿಕೊಂಡು ಕೆಲಸ ನಿಲ್ಲುತ್ತಿತ್ತು. ಹಣಕಾಸಿನ ಹಾಳೆಯಲ್ಲಿ ಬಳಸುವ ಒಂದು ಸಾಧನ ಸುರಕ್ಷಿತವಾದ ದಾರಿಯನ್ನು ಕೇಳಿ ಪಡೆಯಬೇಕಾದದ್ದಾಗಿಯೂ ಅಪಾಯದ ದಾರಿಯನ್ನು ತಾನಾಗಿ ಒದಗುವುದಾಗಿಯೂ ಇಟ್ಟುಕೊಂಡಿರುವುದು ನನಗೆ ಒಪ್ಪಿಗೆಯಾಗುವ ವಿಷಯವಲ್ಲ. ಹಳೆಯ ಹಾಳೆಗಳು ಮುರಿಯಬಾರದೆಂಬ ಕಾರಣಕ್ಕೆ ಇದನ್ನು ಯಾರೂ ಬದಲಿಸಲಾರರು. ಆದ್ದರಿಂದ ಬಳಸುವವರೇ ಎಚ್ಚರ ವಹಿಸಬೇಕಾಗುತ್ತದೆ.

ಕಾಲಂ ಸಂಖ್ಯೆಯದ್ದು ಇನ್ನೊಂದು ತೊಂದರೆ. ಖಾತೆ ಸಂಖ್ಯೆ ನಾಲ್ಕನೆಯ ಕಾಲಂನಲ್ಲಿದೆ ಎಂದು ಸೂತ್ರದಲ್ಲಿ 4 ಎಂದು ಬರೆದಿಟ್ಟಿದ್ದೇವೆ. ಮುಂದೊಂದು ದಿನ ಯಾರೋ ಅದೇ ಪಟ್ಟಿಯಲ್ಲಿ ಮನೆ ಹೆಸರಿನ ಪಕ್ಕಕ್ಕೆ ಫೋನ್ ನಂಬರಿನ ಕಾಲಂ ಒಂದನ್ನು ಸೇರಿಸುತ್ತಾರೆ. ಸೂತ್ರದೊಳಗಿನ 4 ಹಾಗೆಯೇ ಉಳಿದು, ಖಾತೆ ಸಂಖ್ಯೆಯ ಜಾಗದಲ್ಲಿ ಫೋನ್ ನಂಬರು ಬರುತ್ತದೆ. ಎರಡೂ ಉದ್ದನೆಯ ಅಂಕಿಗಳೇ ಆದ್ದರಿಂದ ಅವಸರದಲ್ಲಿ ನೋಡುವ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಜೊತೆಗೆ, ಹುಡುಕುವ ಕಾಲಂ ಯಾವಾಗಲೂ ಕೋಷ್ಟಕದ ಎಡತುದಿಯಲ್ಲಿಯೇ ಇರಬೇಕೆಂಬ ನಿಯಮದಿಂದಾಗಿ ಸದಸ್ಯ ಸಂಖ್ಯೆಯ ಎಡಕ್ಕಿರುವ ಯಾವುದನ್ನೂ ವಿಲುಕಪ್ ತರಲಾರದು.

ಇಂಡೆಕ್ಸ್ ಮತ್ತು ಮ್ಯಾಚ್ ಎಂಬ ಎರಡು ಸೂತ್ರಗಳನ್ನು ಒಂದರೊಳಗೊಂದು ಸೇರಿಸಿ ಬಳಸಿದರೆ ಈ ಕಾಲಂ ತೊಂದರೆ ಪೂರ್ತಿ ನಿವಾರಣೆಯಾಗುತ್ತದೆ. ಮ್ಯಾಚ್ ಎಷ್ಟನೆಯ ಸಾಲು ಎಂಬುದನ್ನು ಹೇಳುತ್ತದೆ, ಇಂಡೆಕ್ಸ್ ಆ ಸಾಲಿನಲ್ಲಿರುವುದನ್ನು ನಾವು ತೋರಿಸಿದ ಕಾಲಂನಿಂದ ಎತ್ತಿಕೊಡುತ್ತದೆ. ಕಾಲಂಗಳು ಎಲ್ಲಿಗೆ ಸರಿದರೂ ಸೂತ್ರ ಜೊತೆಯಲ್ಲಿಯೇ ಸರಿಯುತ್ತದೆ. ಹಳೆಯ ಕಂಪ್ಯೂಟರು, ಹೊಸ ಕಂಪ್ಯೂಟರು, ಎಕ್ಸೆಲ್, ಕ್ಯಾಲ್ಕ್, ಗೂಗಲ್ ಶೀಟ್ಸ್ ಎಂಬ ಭೇದವಿಲ್ಲದೆ ಎಲ್ಲೆಡೆ ನಡೆಯುವ ಜೋಡಿ ಇದು. ಆದರೆ ಮ್ಯಾಚ್‌ನ ಮೂರನೆಯ ಅಂಶವನ್ನು ಬಿಟ್ಟರೆ ಅದೂ ವಿಲುಕಪ್‌ನ ಹಾಗೆಯೇ ಹತ್ತಿರದ ಮೌಲ್ಯವನ್ನು ಹಿಡಿಯುತ್ತದೆ ಎಂಬುದನ್ನು ಕಲಿಸುವವರು ಅನೇಕ ಸಲ ಹೇಳುವುದೇ ಇಲ್ಲ. ಅಲ್ಲಿಯೂ ಸೊನ್ನೆ ಬೇಕು.

ಎಕ್ಸ್‌ಲುಕಪ್ಪನ್ನು ಮೈಕ್ರೋಸಾಫ್ಟ್ ಪ್ರಕಟಿಸಿದ್ದು 2019ರ ಆಗಸ್ಟಿನಲ್ಲಿ. ಗೂಗಲ್ ಶೀಟ್ಸ್‌ಗೆ ಅದು 2022ರಲ್ಲಿ ಬಂದಿತು. ಲಿಬ್ರೆಆಫೀಸ್‌ಗೆ ಬರಲು 2024ರ ಆಗಸ್ಟ್ ಆಯಿತು. ತಡವಾಗಿ ಬಂದರೂ ನಾನು ಬಹಳ ಸಂತೋಷದಿಂದ ಸ್ವಾಗತಿಸಿದ ಸೂತ್ರ ಇದು. ಏನು ಹುಡುಕಬೇಕು, ಎಲ್ಲಿ ಹುಡುಕಬೇಕು, ಎಲ್ಲಿಂದ ತರಬೇಕು ಎಂಬ ಮೂರನ್ನೇ ಹೇಳಿದರೆ ಅದು ತಾನಾಗಿಯೇ ನಿಖರವಾದ ಹೊಂದಾಣಿಕೆಯನ್ನು ಮಾತ್ರ ಒಪ್ಪುತ್ತದೆ. 102 ಇಲ್ಲದಿದ್ದರೆ ಇಲ್ಲ ಎನ್ನುತ್ತದೆ. ಕಾಲಂ ಸಂಖ್ಯೆಯನ್ನು ಎಣಿಸಬೇಕಾಗಿಲ್ಲ, ಎಡ ಬಲಗಳ ಕಟ್ಟುಪಾಡು ಇಲ್ಲ. ನಾಲ್ಕನೆಯ ಅಂಶವಾಗಿ, ಸಿಗದಿದ್ದರೆ ಏನನ್ನು ತೋರಿಸಬೇಕು ಎಂಬುದನ್ನು ನಮ್ಮ ಭಾಷೆಯಲ್ಲಿಯೇ ಬರೆಯಬಹುದು. ನಮ್ಮ ಹಾಳೆಯಲ್ಲಿ ಅಲ್ಲಿ ‘ಸದಸ್ಯರ ಪಟ್ಟಿ ನೋಡಿ’ ಎಂದು ಬರೆದಿದೆ.

ಅದರ ನಿಜವಾದ ಬೆಲೆ ತಿಳಿಯುವುದು ದರಪಟ್ಟಿಯಲ್ಲಿ. ಅಡಿಕೆಯ ದರ ದಿನವೂ ಬದಲಾಗುವುದಿಲ್ಲ. ಬದಲಾದ ದಿನ ಮಾತ್ರ ಪಟ್ಟಿಯಲ್ಲಿ ಹೊಸ ಸಾಲು ಸೇರುತ್ತದೆ. ಲೆಕ್ಕ ಸುಲಭವಾಗಲೆಂದು ಹೊಸತರ ದರ ಜೂನ್ 3ರಂದು ಕಿಲೋಗೆ 450 ರೂಪಾಯಿ, ಜೂನ್ 10ರಂದು 460 ರೂಪಾಯಿ ಎಂದಿಟ್ಟುಕೊಳ್ಳೋಣ. ಜೂನ್ 8ರಂದು ತೂಗಿದ 62 ಕಿಲೋಗೆ ನಿಖರವಾದ ಹೊಂದಾಣಿಕೆ ಸಿಗುವುದಿಲ್ಲ, ಏಕೆಂದರೆ ಜೂನ್ 8 ಎಂಬ ಸಾಲೇ ಇಲ್ಲ. ಇಲ್ಲಿ ಬೇಕಾದದ್ದು ಆ ದಿನದಂದು ಜಾರಿಯಲ್ಲಿದ್ದ ದರ, ಅಂದರೆ ಜೂನ್ 8 ಅಥವಾ ಅದಕ್ಕೂ ಹಿಂದಿನ ಕೊನೆಯ ದರ. ಜೂನ್ 10ರ ದರ ಹಿಡಿದರೆ ಬಿಲ್ಲಿನಲ್ಲಿ 620 ರೂಪಾಯಿ ಹೆಚ್ಚಾಗುತ್ತದೆ. ಹತ್ತಿರದ ಮೌಲ್ಯವನ್ನು ತರುವ ರೀತಿ ಸದಸ್ಯ ಸಂಖ್ಯೆಗೆ ಅಪಾಯಕಾರಿ ಎಂದೆನಲ್ಲ, ದಿನಾಂಕಕ್ಕೆ ಅದೇ ಸರಿಯಾದ ರೀತಿ. ಎಕ್ಸ್‌ಲುಕಪ್‌ನಲ್ಲಿ ಐದನೆಯ ಅಂಶವಾಗಿ ಮೈನಸ್ 1 ಎಂದು ಬರೆದರೆ ನಿಖರವಾದದ್ದು, ಇಲ್ಲವಾದರೆ ಅದಕ್ಕಿಂತ ಹಿಂದಿನದು ಎಂಬ ಅರ್ಥ ಬರುತ್ತದೆ. ಬರೆದವರು ಬೇಕೆಂದೇ ಬರೆದಿದ್ದಾರೆ ಎಂಬುದು ಓದುವವರಿಗೂ ಗೊತ್ತಾಗುತ್ತದೆ.

ವಿಲುಕಪ್ ಇದನ್ನು ಮಾಡಲಾರದೇ ಎಂದರೆ, ಮಾಡುತ್ತದೆ, ಆದರೆ ದರಪಟ್ಟಿ ದಿನಾಂಕದ ಕ್ರಮದಲ್ಲಿಯೇ ಇರಬೇಕೆಂಬ ಷರತ್ತಿನ ಮೇಲೆ. ಬಿಟ್ಟುಹೋಗಿದ್ದ ಜೂನ್ 6ರ ದರವನ್ನು ಯಾರಾದರೂ ಜೂನ್ 17ರ ಸಾಲಿನ ಕೆಳಗೆ ಸೇರಿಸಿದರು ಎನ್ನಿ. ಜೂನ್ 8ಕ್ಕಾಗಿ ಹುಡುಕುವ ವಿಲುಕಪ್ ಜೂನ್ 10ನ್ನು ಕಂಡ ಕೂಡಲೇ ಮುಂದೆ ಎಲ್ಲವೂ ಅದಕ್ಕಿಂತ ದೊಡ್ಡದೆಂದು ನಂಬಿ ಜೂನ್ 3ರ ದರವನ್ನೇ ಕೊಡುತ್ತದೆ. ಎಕ್ಸ್‌ಲುಕಪ್ ಸಾಮಾನ್ಯ ಹುಡುಕಾಟದಲ್ಲಿ ಎಲ್ಲ ಸಾಲುಗಳನ್ನೂ ನೋಡುವುದರಿಂದ ಜೂನ್ 6ರ ದರವನ್ನು ಸರಿಯಾಗಿ ಹಿಡಿಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಕಾಗದದ ಮೇಲೆ ಬರೆದಿಟ್ಟದ್ದನ್ನು ಆಮೇಲೆ ಸೇರಿಸುವ ನಮ್ಮಂಥ ಕಡೆ ಈ ಒಂದು ಗುಣಕ್ಕಾಗಿಯೇ ಅದನ್ನು ಆಯ್ದುಕೊಳ್ಳಬಹುದು.

ತರದ ಆಯ್ಕೆಗೆ ಇನ್ನೊಂದು ಎಕ್ಸ್‌ಲುಕಪ್ಪನ್ನು ಒಳಗೆ ಇಡುತ್ತೇವೆ. ಒಳಗಿನದು ಶೀರ್ಷಿಕೆಯ ಸಾಲಿನಲ್ಲಿ ‘ಪಟೋರ’ ಎಂಬುದನ್ನು ಹುಡುಕಿ ಆ ಕಾಲಂ ಪೂರ್ತಿಯನ್ನು ಎತ್ತಿಕೊಡುತ್ತದೆ. ಹೊರಗಿನದು ಆ ಕಾಲಂನಲ್ಲಿ ದಿನಾಂಕಕ್ಕೆ ತಕ್ಕ ದರವನ್ನು ಹುಡುಕುತ್ತದೆ. ಇಂಡೆಕ್ಸ್‌ನೊಳಗೆ ಎರಡು ಮ್ಯಾಚ್‌ಗಳನ್ನು ಇಟ್ಟು ಇದನ್ನು ಮಾಡಲು ಸಾಧ್ಯವಿದೆ, ಆದರೆ ಹಾಗೆ ಬರೆದ ಸೂತ್ರವನ್ನು ಆರು ತಿಂಗಳ ನಂತರ ಓದಿ ಅರ್ಥಮಾಡಿಕೊಳ್ಳುವುದು ಕಷ್ಟ. ಕೊನೆಯಿಂದ ಮೊದಲಿಗೆ ಹುಡುಕುವ ಸೌಲಭ್ಯವೂ ಇದೆ. ಒಬ್ಬ ಸದಸ್ಯರು ಕೊನೆಯ ಸಲ ಅಡಿಕೆ ತಂದದ್ದು ಯಾವಾಗ ಎಂಬುದನ್ನು ತೂಕದ ಪಟ್ಟಿಯಿಂದ ತಿಳಿಯಲು ಅದನ್ನು ಬಳಸುತ್ತೇವೆ.

ದಿನಾಂಕಗಳ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಕ್ಯಾಲ್ಕ್‌ನ ಲೊಕೇಲ್, ಅಂದರೆ ಭಾಷೆ ಮತ್ತು ಪ್ರದೇಶದ ಆಯ್ಕೆ, ಅಮೆರಿಕದ ಇಂಗ್ಲಿಷಿನಲ್ಲಿದ್ದರೆ 03/06 ಎಂದು ಬರೆದದ್ದು ಮಾರ್ಚ್ 6 ಆಗುತ್ತದೆ. 13/06 ಎಂದು ಬರೆದದ್ದು ಹದಿಮೂರನೆಯ ತಿಂಗಳಿಲ್ಲವಾದ್ದರಿಂದ ದಿನಾಂಕವೇ ಆಗದೆ ಬರಿಯ ಅಕ್ಷರವಾಗಿ ಉಳಿಯುತ್ತದೆ. ಭಾರತದ ಇಂಗ್ಲಿಷ್ ಅಥವಾ ಕನ್ನಡದ ಲೊಕೇಲನ್ನು ಆಯ್ದುಕೊಂಡ ಮೇಲೆಯೇ ಎಂಟ್ರಿ ಆರಂಭಿಸಬೇಕು.

ಹೆಚ್ಚಿನವರು ದೋಷದ ಗುರುತು ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲವೆಂದು ಇಡೀ ಸೂತ್ರವನ್ನು ಇಫ್‌ಎರರ್ ಎಂಬುದರೊಳಗೆ ಸುತ್ತಿ ಸೊನ್ನೆಯನ್ನು ತೋರಿಸುವ ಅಭ್ಯಾಸ ಮಾಡಿಕೊಂಡಿದ್ದಾರೆ. ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ದರ ಸಿಗದಿದ್ದಾಗ ಸೊನ್ನೆ ಎಂದು ತೋರಿಸಿದರೆ ಆ ಅಡಿಕೆಗೆ ಸೊನ್ನೆ ರೂಪಾಯಿ ಬಿಲ್ಲಾಗುತ್ತದೆ. ಒಟ್ಟು ಮೊತ್ತದಲ್ಲಿ ಅದು ಸದ್ದಿಲ್ಲದೆ ಕರಗಿಹೋಗುತ್ತದೆ. ಇಫ್‌ಎರರ್ ಎಲ್ಲ ಬಗೆಯ ದೋಷಗಳನ್ನೂ, ಸೂತ್ರದ ಹೆಸರನ್ನೇ ತಪ್ಪಾಗಿ ಬರೆದ ದೋಷವನ್ನು ಕೂಡ ಮುಚ್ಚಿಹಾಕುತ್ತದೆ. ಹಳೆಯ ಸೂತ್ರಗಳನ್ನೇ ಬಳಸುವವರು ಇಫ್‌ಎನ್‌ಎ ಬಳಸಲಿ, ಅದು ಸಿಗಲಿಲ್ಲ ಎಂಬ ದೋಷವನ್ನು ಮಾತ್ರ ಹಿಡಿಯುತ್ತದೆ. ಮತ್ತು ಸೊನ್ನೆಯ ಬದಲಿಗೆ ಅಕ್ಷರದಲ್ಲಿ ಏನನ್ನಾದರೂ ಬರೆಯಲಿ.

ಇನ್ನು ಹೆಸರನ್ನು ಹಿಡಿದು ಹುಡುಕುವ ವಿಚಾರ. ಕನ್ನಡದಲ್ಲಿ ಲೆಕ್ಕವಿಡುವವರು, ಅದರಲ್ಲೂ ಕಾಸರಗೋಡಿನವರು, ಸೂತ್ರದ ಬಗ್ಗೆ ಯೋಚಿಸುವುದಕ್ಕಿಂತ ಹೆಚ್ಚು ಈ ವಿಚಾರಕ್ಕೆ ಗಮನ ಕೊಡಬೇಕು. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಕನ್ನಡ ಪದಗಳು ಕಂಪ್ಯೂಟರಿನ ಒಳಗೆ ಒಂದೇ ಆಗಿರಬೇಕೆಂದಿಲ್ಲ. ‘ಕಾಸರಗೋಡು’ ಎಂಬುದನ್ನೇ ತೆಗೆದುಕೊಳ್ಳಿ. ಅದರಲ್ಲಿರುವ ಓಕಾರದ ಚಿಹ್ನೆಗೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತ ಇದೆ. ಅದೇ ಚಿಹ್ನೆಯನ್ನು ಎಕಾರ, ಊಕಾರ ಮತ್ತು ದೀರ್ಘದ ಮೂರು ಸಂಕೇತಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಲೆನ್ ಎಂಬ ಸೂತ್ರದಿಂದ ಉದ್ದವನ್ನು ಕೇಳಿದರೆ ಮೊದಲನೆಯದಕ್ಕೆ 8, ಎರಡನೆಯದಕ್ಕೆ 10 ಎಂಬ ಉತ್ತರ ಬರುತ್ತದೆ. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸ ಇರುವುದಿಲ್ಲ, ಆದರೆ ಕ್ಯಾಲ್ಕ್ ಅವನ್ನು ಬೇರೆ ಬೇರೆ ಪದಗಳೆಂದೇ ತಿಳಿಯುತ್ತದೆ.

ಎರಡನೆಯ ತೊಡಕು ಅರ್ಧಾಕ್ಷರವನ್ನು ಬಿಡಿಸಿ ಬರೆಯಲು ಬಳಸುವ, ಕಣ್ಣಿಗೆ ಕಾಣದ ಜೋಡಣೆತಡೆ ಸಂಕೇತ. ‘ರಹ್‌ಮಾನ್’ ಎಂದು ಬಿಡಿಸಿ ಬರೆದದ್ದಕ್ಕೂ ‘ರಹ್ಮಾನ್’ ಎಂದು ಒತ್ತಕ್ಷರದಲ್ಲಿ ಬರೆದದ್ದಕ್ಕೂ ನಡುವೆ ಈ ಒಂದು ಸಂಕೇತದ ವ್ಯತ್ಯಾಸವಿದೆ, ಅಷ್ಟರಿಂದಲೇ ಹುಡುಕಾಟ ವಿಫಲವಾಗುತ್ತದೆ. ಸಬ್‌ಸ್ಟಿಟ್ಯೂಟ್ ಸೂತ್ರದ ಒಳಗೆ ಯುನಿಕ್ಯಾರ್ 8204 ಎಂಬುದನ್ನು ಕೊಟ್ಟು ಅದನ್ನು ತೆಗೆದುಹಾಕಬಹುದು. ಅಂತರ್ಜಾಲದಿಂದ ನಕಲಿಸಿದ ಪಟ್ಟಿಗಳಲ್ಲಿ ಮಾಮೂಲಿ ಖಾಲಿ ಜಾಗದ ಬದಲು 160ನೇ ಸಂಕೇತದ ಖಾಲಿ ಜಾಗ ಸೇರಿರುತ್ತದೆ. ಹೆಚ್ಚುವರಿ ಖಾಲಿ ಜಾಗವನ್ನು ಅಳಿಸುವ ಟ್ರಿಮ್ ಸೂತ್ರ ಅದನ್ನು ಮುಟ್ಟುವುದಿಲ್ಲ, ಅದಕ್ಕೂ ಸಬ್‌ಸ್ಟಿಟ್ಯೂಟ್ ಬೇಕು. ಇನ್ನು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪು ಮಾಡಿದ ಪಟ್ಟಿಗಳಿದ್ದರೆ ಅವುಗಳ ಒಳಗಿರುವುದು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಆದ್ದರಿಂದ ಯೂನಿಕೋಡಿಗೆ ಬದಲಿಸದೆ ಯಾವ ಸೂತ್ರವೂ ನಡೆಯುವುದಿಲ್ಲ.

ಈ ಎಲ್ಲಕ್ಕೂ ಮೇಲೆ ನಮ್ಮಲ್ಲಿ ಊರಿನ ಹೆಸರುಗಳು ಮೂರು ಲಿಪಿಗಳಲ್ಲಿ ಬರುತ್ತವೆ. ನಮ್ಮ ಸದಸ್ಯರ ಪಟ್ಟಿಯಲ್ಲಿ ಕುಂಬಳೆ, ಮಂಜೇಶ್ವರ, ಹೊಸದುರ್ಗ ಎಂದಿದ್ದರೆ, ಮಲೆಯಾಳದ ಅಥವಾ ಇಂಗ್ಲಿಷಿನ ಪಟ್ಟಿಗಳಲ್ಲಿ ಕುಂಬಳ, ಮಂಜೇಶ್ವರಂ, ಕಾಞಂಗಾಡ್ ಎಂಬ ರೂಪಗಳಿರುತ್ತವೆ. ಇವನ್ನು ಯಾವ ಲುಕಪ್ಪೂ ತಾನಾಗಿ ಕೂಡಿಸಲಾರದು. ಇದಕ್ಕೆ ನಮ್ಮ ಗುಂಪು ಕಂಡುಕೊಂಡ ದಾರಿಯೆಂದರೆ ಒಂದು ಪ್ರತ್ಯೇಕ ಹಾಳೆ. ಅದರಲ್ಲಿ ಪ್ರತಿ ಊರಿಗೂ ನಾವೇ ಕೊಟ್ಟ ಒಂದು ಸಂಖ್ಯೆ, ಪಕ್ಕದಲ್ಲಿ ಆ ಊರಿನ ಕನ್ನಡ, ಮಲೆಯಾಳ, ಇಂಗ್ಲಿಷ್ ರೂಪಗಳು ಮತ್ತು ಪಿನ್‌ಕೋಡ್ ಇವೆ: ಕುಂಬಳೆಗೆ 671321, ಮಂಜೇಶ್ವರಕ್ಕೆ 671323, ಹೀಗೆ. ಯಾವ ಪಟ್ಟಿ ಯಾವ ಲಿಪಿಯಲ್ಲಿ ಬಂದರೂ ಮೊದಲು ಈ ಹಾಳೆಯಿಂದ ಊರಿನ ಸಂಖ್ಯೆಯನ್ನು ಹುಡುಕಿ, ಮುಂದಿನ ಎಲ್ಲ ಕೆಲಸವನ್ನು ಆ ಸಂಖ್ಯೆಯಿಂದಲೇ ನಡೆಸುತ್ತೇವೆ. ಪಿನ್‌ಕೋಡನ್ನೇ ಊರಿನ ಗುರುತಾಗಿ ಬಳಸಬಹುದಲ್ಲ ಎಂದು ಕೇಳುವವರಿದ್ದಾರೆ. ಒಂದೇ ಪಿನ್‌ಕೋಡಿನಲ್ಲಿ ಹಲವು ಊರುಗಳು ಬರುವುದರಿಂದ ಅದು ಸಾಧ್ಯವಿಲ್ಲ.

ಸದಸ್ಯರಿಗೂ ಇದೇ ನ್ಯಾಯ. ಒಂದೇ ಹೆಸರಿನ ಇಬ್ಬರು ಒಂದೇ ಊರಿನಲ್ಲಿರುವುದು ಇಲ್ಲಿ ವಿಶೇಷವೇನಲ್ಲ, ಅದಕ್ಕೇ ಜನ ಮನೆ ಹೆಸರಿನಿಂದ ಗುರುತಿಸುತ್ತಾರೆ. ಲುಕಪ್ ಮೊದಲು ಕಂಡವರನ್ನು ಹಿಡಿದು ಅಲ್ಲಿಗೇ ನಿಲ್ಲುತ್ತದೆ, ಇನ್ನೊಬ್ಬರಿದ್ದಾರೆ ಎಂದು ತಿಳಿಸುವುದಿಲ್ಲ. ಈ ವಿಷಯದಲ್ಲಿ ಎಕ್ಸ್‌ಲುಕಪ್ ಕೂಡ ಹಳೆಯವುಗಳಿಗಿಂತ ಮೇಲೇನೂ ಅಲ್ಲ. ಆದ್ದರಿಂದ ಸದಸ್ಯ ಸಂಖ್ಯೆಯ ಕಾಲಂನ ಪಕ್ಕದಲ್ಲಿ ಕೌಂಟ್‌ಇಫ್ ಸೂತ್ರವನ್ನು ಹಾಕಿ, ಯಾವುದೇ ಸಂಖ್ಯೆ ಒಂದಕ್ಕಿಂತ ಹೆಚ್ಚು ಸಲ ಬಂದರೆ ಸೆಲ್ ಕೆಂಪಾಗುವಂತೆ ಮಾಡಿದ್ದೇವೆ. ತರದ ಹೆಸರನ್ನು ಟೈಪು ಮಾಡಲು ಬಿಡದೆ, ಡೇಟಾ ಮೆನುವಿನ ವ್ಯಾಲಿಡಿಟಿಯಿಂದ ಪಟ್ಟಿ ಕೊಟ್ಟು ಆರಿಸುವಂತೆ ಮಾಡಿದ್ದೇವೆ. ಸಂಖ್ಯೆಯಾಗಿ ಬರೆದ 12 ಬೇರೆ, ಅಕ್ಷರವಾಗಿ ಬರೆದ 12 ಬೇರೆ ಎಂಬುದನ್ನೂ ಎಂಟ್ರಿ ಮಾಡುವವರಿಗೆ ತಿಳಿಸಿರಬೇಕು.

ಕ್ಯಾಲ್ಕ್‌ಗೇ ವಿಶೇಷವಾದ ಒಂದು ತೊಡಕಿದೆ. ಟೂಲ್ಸ್ ಮೆನುವಿನ ಆಪ್ಷನ್ಸ್‌ನಲ್ಲಿ ಕ್ಯಾಲ್ಕ್‌ನ ಲೆಕ್ಕಾಚಾರದ ಪುಟಕ್ಕೆ ಹೋದರೆ, ಹುಡುಕುವ ಪದ ಇಡೀ ಸೆಲ್‌ಗೆ ಹೊಂದಬೇಕೇ ಎಂಬ ಆಯ್ಕೆಯೂ, ಸೂತ್ರಗಳಲ್ಲಿ ಚಿಹ್ನೆಗಳಿಂದ ಅಕ್ಷರಗಳ ಮಾದರಿಯನ್ನು ಹುಡುಕುವ ವೈಲ್ಡ್‌ಕಾರ್ಡ್ ಬೇಕೇ, ಅದೇ ಕೆಲಸದ ಇನ್ನೊಂದು ವಿಧಾನವಾದ ರೆಗ್ಯುಲರ್ ಎಕ್ಸ್‌ಪ್ರೆಶನ್ ಬೇಕೇ, ಎರಡೂ ಬೇಡವೇ ಎಂಬ ಆಯ್ಕೆಯೂ ಸಿಗುತ್ತವೆ. ಮೊದಲನೆಯದನ್ನು ತೆಗೆದುಹಾಕಿದ ಫೈಲಿನಲ್ಲಿ ‘ಬೇಳ’ ಎಂಬ ಊರನ್ನು ಹುಡುಕಿದರೆ ಆ ಅಕ್ಷರಗಳು ನಡುವೆ ಎಲ್ಲೋ ಬಂದಿರುವ ಬೇರೊಂದು ಸೆಲ್ಲೂ ವಿಲುಕಪ್‌ಗೆ ಸಾಕಾಗುತ್ತದೆ. ರೆಗ್ಯುಲರ್ ಎಕ್ಸ್‌ಪ್ರೆಶನ್ ಆನ್ ಆಗಿದ್ದರೆ ಇನಿಷಿಯಲ್ಲಿನ ಚುಕ್ಕೆ ಯಾವ ಅಕ್ಷರಕ್ಕೂ ಹೊಂದುವ ಚಿಹ್ನೆಯಾಗುತ್ತದೆ, ಹೆಸರಿನ ಮುಂದಿನ ಆವರಣ ಚಿಹ್ನೆಗಳೂ ತಮ್ಮ ಅರ್ಥ ಕಳೆದುಕೊಳ್ಳುತ್ತವೆ. ಈ ಆಯ್ಕೆಗಳು ಫೈಲಿನ ಜೊತೆಗೇ ಉಳಿಯುತ್ತವೆ. ಆದ್ದರಿಂದ ಬೇರೆಯವರಿಂದ ಬಂದ ಫೈಲನ್ನು ತೆರೆದ ಕೂಡಲೇ ಇವನ್ನು ನೋಡಿಕೊಳ್ಳಬೇಕು. ಇಷ್ಟು ಮಹತ್ವದ ಆಯ್ಕೆಯನ್ನು ಮೆನುವಿನ ಇಷ್ಟು ಒಳಗೆ ಇಟ್ಟಿರುವುದು ತಂತ್ರಾಂಶದ ಕೊರತೆಯೆಂದೇ ಹೇಳುತ್ತೇನೆ.

ಆವೃತ್ತಿಗಳ ಪ್ರಶ್ನೆ ನಮ್ಮ ಜಿಲ್ಲೆಗೆ ಬಹಳ ಹತ್ತಿರದ್ದು. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಮುಕ್ತ ತಂತ್ರಾಂಶದಲ್ಲಿ. ಕನ್ನಡ ಮಾಧ್ಯಮದ ಮಕ್ಕಳಿಗೂ ಲಿಬ್ರೆಆಫೀಸ್ ಪರಿಚಿತ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗ ಅಥವಾ ಮಗಳಿದ್ದರೆ ನಮ್ಮ ಹಾಳೆಯನ್ನು ತೆರೆದು ನೋಡಲು ಅವರೇ ಸಾಕು, ಮತ್ತು ನಮ್ಮ ಹಲವು ಸದಸ್ಯರು ಬಿಲ್ಲನ್ನು ಪರಿಶೀಲಿಸುವುದು ಹಾಗೆಯೇ. ಆದರೆ ಉಬುಂಟು ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ 22.04ರ ಜೊತೆ ಬರುವ ಲಿಬ್ರೆಆಫೀಸ್ 7.3ನೇ ಆವೃತ್ತಿ, 24.04ರ ಜೊತೆ ಬರುವುದು 24.2, ಎರಡರಲ್ಲಿಯೂ ಎಕ್ಸ್‌ಲುಕಪ್ ಇಲ್ಲ. ಎಕ್ಸೆಲ್ 2016 ಮತ್ತು 2019ರಲ್ಲಿಯೂ ಇಲ್ಲ. 2021ರಲ್ಲಿ ಮತ್ತು ಚಂದಾದಾರರ 365ರಲ್ಲಿ ಇದೆ. ಇಲ್ಲದ ಕಡೆ ಅಂಥ ಫೈಲನ್ನು ತೆರೆದರೆ ಹಿಂದೆ ಉಳಿಸಿದ ಉತ್ತರ ಮೊದಲಿಗೆ ಹಾಗೆಯೇ ಕಾಣಬಹುದು, ಮರುಲೆಕ್ಕ ನಡೆದೊಡನೆ ಸೂತ್ರದ ಹೆಸರೇ ಗೊತ್ತಿಲ್ಲವೆಂಬ ದೋಷ ಬರುತ್ತದೆ. ಲಿಬ್ರೆಆಫೀಸ್‌ನ ಹೊಸ ಆವೃತ್ತಿಯನ್ನು ಅದರ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದಾದ್ದರಿಂದ ಸ್ವಂತ ಕಂಪ್ಯೂಟರಿನವರಿಗೆ ಇದು ದೊಡ್ಡ ಅಡ್ಡಿಯಲ್ಲ.

ಗೂಗಲ್ ಶೀಟ್ಸ್ ಇದೇ ಕೆಲಸವನ್ನು ಚೆನ್ನಾಗಿ ಮಾಡುತ್ತದೆ, ಒಂದು ಫೈಲಿನಿಂದ ಇನ್ನೊಂದಕ್ಕೆ ಮಾಹಿತಿ ತರುವ ಇಂಪೋರ್ಟ್‌ರೇಂಜ್ ಎಂಬ ಸೌಲಭ್ಯ ಕ್ಯಾಲ್ಕ್‌ನ ಫೈಲ್ ಕೊಂಡಿಗಿಂತ ಸುಗಮವಾಗಿದೆ. ಕ್ಯಾಲ್ಕ್‌ನಲ್ಲಿ ದರಪಟ್ಟಿಯ ಫೈಲನ್ನು ಬೇರೆ ಫೋಲ್ಡರಿಗೆ ಸರಿಸಿದರೆ ಕೊಂಡಿ ಕಡಿದುಹೋಗುತ್ತದೆ. ಆದರೂ ನೆಟ್‌ವರ್ಕ್ ನಂಬಲಾಗದ ದಿನಗಳಲ್ಲಿ ಕಂಪ್ಯೂಟರಿನೊಳಗೇ ಇರುವ ಕ್ಯಾಲ್ಕ್ ಹೆಚ್ಚು ಅನುಕೂಲ, ಮತ್ತು ಮೂರೂ ಪಟ್ಟಿಗಳನ್ನು ಒಂದೇ ಫೈಲಿನ ಮೂರು ಹಾಳೆಗಳಲ್ಲಿ ಇಟ್ಟುಕೊಂಡರೆ ಕೊಂಡಿಯ ಮಾತೇ ಬರುವುದಿಲ್ಲ.

ಹೊಸದಾಗಿ ಹಾಳೆ ಮಾಡುವವರು ಎಕ್ಸ್‌ಲುಕಪ್ಪನ್ನೇ ಬಳಸಲಿ, ಹಾಳೆಯನ್ನು ಹಳೆಯ ಎಕ್ಸೆಲ್ ಇರುವವರಿಗೆ ಕಳುಹಿಸಬೇಕಾದವರು ಸೊನ್ನೆ ಸೇರಿಸಿದ ಇಂಡೆಕ್ಸ್–ಮ್ಯಾಚ್ ಜೋಡಿಯನ್ನು ಬಳಸಲಿ. ನಾವು ಲೆಕ್ಕ ಪರಿಶೋಧಕರಿಗೆ ಕಳುಹಿಸುವಾಗ ಎರಡು ಪ್ರತಿಗಳನ್ನು ಕಳುಹಿಸುತ್ತೇವೆ: ಸೂತ್ರಗಳಿರುವ ಮೂಲ ಫೈಲು ಒಂದು, ಸೂತ್ರಗಳ ಜಾಗದಲ್ಲಿ ಉತ್ತರಗಳನ್ನು ಮಾತ್ರ ಪೇಸ್ಟ್ ಮಾಡಿದ ಫೈಲು ಇನ್ನೊಂದು. ಎರಡರ ಒಟ್ಟು ಮೊತ್ತ ಅವರ ಕಂಪ್ಯೂಟರಿನಲ್ಲಿ ಒಂದೇ ಬಂದರೆ ಮೊತ್ತದ ಲೆಕ್ಕ ಹೊಂದಿದೆ ಎಂದರ್ಥ. ಬೇರೆ ಬಂದರೆ ಯಾವ ಸಾಲಿನಲ್ಲಿ ವ್ಯತ್ಯಾಸವಿದೆ ಎಂಬುದನ್ನು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕಂಡುಹಿಡಿಯುತ್ತಾರೆ.